ಊರಿನ ಮಣ್ಣು, ಭೋಸರಿಯ ಕುಂಡ

ನಾನು ಹುಬ್ಬಳ್ಳಿ ಬಿಟ್ಟು ಭೋಸರಿಗೆ ಬಂದದ್ದು 2023ರ ಮೇ ತಿಂಗಳಲ್ಲಿ. ಹೆಂಡತಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಮಗ ಇಲ್ಲಿನ ಎಂ.ಐ.ಡಿ.ಸಿ.ಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. "ಒಬ್ಬರಽ ಆ ಮನಿಯೊಳಗ ಏನ್ ಮಾಡ್ತೀರಿ, ಬರ್ರಿ" ಎಂದು ಕಾರು ತಂದು ಬಾಗಿಲಿಗೆ ನಿಲ್ಲಿಸಿದ. ಕೇಶ್ವಾಪುರದ ಮನೆಯನ್ನು ಬಾಡಿಗೆಗೆ ಕೊಟ್ಟು ಹೊರಟಾಗ ನನ್ನ ಸಾಮಾನೆಂದರೆ ಎರಡು ಸೂಟ್‌ಕೇಸು, ಪುಸ್ತಕಗಳ ಒಂದು ಪೆಟ್ಟಿಗೆ, ಪೆನ್ಶನ್ ಕಾಗದಗಳ ಫೈಲು, ಒಂದು ಲೋಳೆಸರದ ಗಿಡ ಮತ್ತು ಅರ್ಧ ಸಿಮೆಂಟ್ ಚೀಲದಷ್ಟು ಮಣ್ಣು.

ಮಣ್ಣು ಕಂಡು ಮಗ ನಕ್ಕ. "ಅಪ್ಪಾ, ಪುಣೆಯೊಳಗ ಮಣ್ಣು ಸಿಗಂಗಿಲ್ಲೇನ್ರಿ?"

ಸಿಗುತ್ತದೆ. ಆದರೆ ಅದು ನಮ್ಮ ಎರೆಮಣ್ಣಲ್ಲವಲ್ಲ. ಹುಬ್ಬಳ್ಳಿಯಿಂದ ಪೂರ್ವಕ್ಕೆ, ನವಲಗುಂದ ಗದಗಿನ ಕಡೆಗೆ ಹರಡಿಕೊಂಡ ಎರೆನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಹತ್ತಿ, ಜೋಳ, ಕಡಲೆ, ಕುಸುಬಿ ಬೆಳೆಯುವ ಮಣ್ಣು. ಹೊರಡುವ ಹಿಂದಿನ ದಿನ ಪರಿಚಯದವರ ಹೊಲಕ್ಕೆ ಹೋಗಿ ನಾನೇ ತುಂಬಿಸಿಕೊಂಡು ಬಂದಿದ್ದೆ. ಗಿಡ ಪರಊರಿಗೆ ಹೋದರೂ ಬೇರು ಊರಿನ ಮಣ್ಣಿನಲ್ಲೇ ಇರಲಿ ಎಂಬುದು ನನ್ನ ಲೆಕ್ಕ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನ ಲೆಕ್ಕ ಎಷ್ಟು ತಪ್ಪಬಹುದು ಎಂದು ಆ ಮೇಲೆ ತಿಳಿಯಿತು.

ಗಿಡ ಅವಳದು. ಕೇಶ್ವಾಪುರದ ಮನೆ ಕಟ್ಟಿಸಿದ ವರ್ಷ ಯಾರದೋ ಮನೆಯಿಂದ ಒಂದು ಮರಿ ತಂದು ಮೆಟ್ಟಿಲಿನ ಪಕ್ಕ ಚುಚ್ಚಿದ್ದಳು. ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡರೆ ಒಂದು ಎಲೆ ಮುರಿಯುತ್ತಿದ್ದಳು. ಮುರಿದ ಎಲೆಯನ್ನು ಬಟ್ಟಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಅದರ ಹಳದಿ ರಸ ಇಳಿದುಹೋದ ಮೇಲೆಯೇ ಒಳಗಿನ ಲೋಳೆ ತೆಗೆಯುವುದು ಅವಳ ಪದ್ಧತಿ. ದುರ್ಗದಬೈಲಿನ ಅಂಗಡಿಗಳ ಬಾಗಿಲಿನಲ್ಲಿ ದೃಷ್ಟಿಗೆಂದು ಬೇರುಸಮೇತ ತಲೆಕೆಳಗಾಗಿ ಕಟ್ಟಿದ ಲೋಳೆಸರವನ್ನು ನೀವೂ ನೋಡಿರುತ್ತೀರಿ. ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರು. ಒಮ್ಮೆ ಅವಳನ್ನು ಕೇಳಿದ್ದೆ, ನಮ್ಮ ಗಿಡಕ್ಕೆ ಏನು ಗೊಬ್ಬರ ಹಾಕುತ್ತೀ ಎಂದು. "ಅದಕ್ಕ ನಾ ಏನ್ ಮಾಡ್ತೀನ್ರಿ? ಅದು ತಾನಽ ಇರತೈತಿ" ಅಂದಿದ್ದಳು.

ಈ ಮಾತನ್ನು ನಾನು ನೆನಪಿನಲ್ಲಿ ಇಟ್ಟುಕೊಳ್ಳಬೇಕಿತ್ತು.

ಭೋಸರಿ ಎಂದರೆ ಒಂದು ಕಾಲಕ್ಕೆ ಪುಣೆಯ ಹೊರಗಿನ ಹಳ್ಳಿ. ಈಗ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿದ, ನಾಸಿಕ ರಸ್ತೆಯ ಎರಡೂ ಕಡೆ ತುಂಬಿಕೊಂಡ ಕಾರ್ಖಾನೆಗಳ ಊರು. ಇಲ್ಲಿ ವಾರದ ರಜೆ ಗುರುವಾರ. ಭಾನುವಾರ ಮಗ ಕೆಲಸಕ್ಕೆ ಹೋಗುತ್ತಾನೆ, ಗುರುವಾರ ಮನೆಯಲ್ಲಿರುತ್ತಾನೆ. ಈ ಒಂದು ಬದಲಾವಣೆಗೆ ಹೊಂದಿಕೊಳ್ಳಲಿಕ್ಕೇ ನನಗೆ ಎರಡು ತಿಂಗಳು ಬೇಕಾಯಿತು. ರಸ್ತೆಯಲ್ಲಿ ವಿಜಯಪುರ, ಕಲಬುರ್ಗಿ ಕಡೆಯ ಗಾರೆ ಕೆಲಸದವರ ಕನ್ನಡ ಕಿವಿಗೆ ಬಿದ್ದರೆ ಸುಮ್ಮನೆ ಒಂದು ನಿಮಿಷ ನಿಂತು ಕೇಳುತ್ತಿದ್ದೆ. ಉಳಿದಂತೆ ನನ್ನ ದಿನಕ್ಕೆ ಕೆಲಸವಿರಲಿಲ್ಲ. ಸೊಸೆ ಬೆಳಗಾವಿಯವಳು, ಮರಾಠಿ ಕನ್ನಡ ಎರಡೂ ನೀರು ಕುಡಿದಷ್ಟು ಸಲೀಸು. ಮನೆಯ ಎಲ್ಲಾ ವ್ಯವಹಾರ ಅವಳೇ ನೋಡುತ್ತಿದ್ದಳು. ನನಗೆ ಉಳಿದದ್ದು ಗಿಡ ಮತ್ತು ನೀರು.

ನೀರಿನ ಬಗ್ಗೆ ಒಂದು ಮಾತು ಹೇಳಬೇಕು. ಹುಬ್ಬಳ್ಳಿಯವರಿಗೆ ನೀರೆಂದರೆ ಏನೆಂದು ಹುಬ್ಬಳ್ಳಿಯವರಿಗೇ ಗೊತ್ತು. ಮಲಪ್ರಭೆಯ ನೀರು ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ, ಕೆಲವು ಸಲ ವಾರ ದಾಟಿ ಬರುತ್ತಿತ್ತು. ರಾತ್ರಿ ಎರಡು ಗಂಟೆಗೆ ಬಂದರೂ ಎದ್ದು ಕೊಡ, ಬಕೀಟು, ಹಂಡೆ ಎಲ್ಲಾ ತುಂಬಿಸುವುದು. ಇಲ್ಲಿ ಪವನಾ ನದಿಯ ನೀರು. 2019ರ ನವೆಂಬರಿನಿಂದ ಪಾಲಿಕೆ ದಿನ ಬಿಟ್ಟು ದಿನ ಸರಬರಾಜು ಶುರುಮಾಡಿದೆ. ಸುತ್ತಲಿನವರು ಅದಕ್ಕೆ ಗೊಣಗುತ್ತಿದ್ದರು, ನನಗೆ ಮಾತ್ರ ಐಶ್ವರ್ಯ! ಹೊಸ ನೀರು ಬಂದ ದಿನ ಅಡುಗೆಮನೆಯ ಹಳೆಯ ನೀರನ್ನು ಸೊಸೆ ಮೋರಿಗೆ ಸುರಿಯುತ್ತಿದ್ದಳು. ಹುಬ್ಬಳ್ಳಿಯ ಮನುಷ್ಯನಿಗೆ ಅದನ್ನು ನೋಡಲಿಕ್ಕೆ ಆಗುತ್ತದೆಯೇ? "ಚೆಲ್ಲಬ್ಯಾಡವ್ವಾ, ಗಿಡಕ್ಕ ಹಾಕ್ತೀನಿ" ಎಂದು ತಂಬಿಗೆಯಲ್ಲಿ ತಂದು ಲೋಳೆಸರಕ್ಕೆ ಹಾಕುತ್ತಿದ್ದೆ. ದಿನ ಬಿಟ್ಟು ದಿನ, ತಪ್ಪದೆ.

ಕುಂಡ ಇದ್ದದ್ದು ಹಾಲಿನ ಉತ್ತರದ ಕಿಟಕಿಯ ಪಕ್ಕ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಜಾಗ. ಅಲ್ಲದೆ ಅಲ್ಲಿಂದ ನೀರು ಸೋರಿದರೆ ಕೆಳಗಿನ ಮನೆಯವರ ಬಟ್ಟೆಯ ಮೇಲೆ ಬೀಳುತ್ತದೆಂದು ಸೊಸೈಟಿಯಲ್ಲಿ ತಕರಾರು. ಹಾಗಾಗಿ ಗಿಡ ನೆಟ್ಟ ಪ್ಲಾಸ್ಟಿಕ್ ಕುಂಡವನ್ನು ಇನ್ನೊಂದು ಚೆಂದದ ಪಿಂಗಾಣಿ ಕುಂಡದೊಳಗೆ ಇಳಿಸಿದ್ದೆವು. ಪಿಂಗಾಣಿಗೆ ತೂತಿರಲಿಲ್ಲ. ನೀರು ಹೊರಗೆ ಬಾರದ್ದು ನೋಡಿ ವ್ಯವಸ್ಥೆ ಚೆನ್ನಾಗಿದೆ ಎಂದುಕೊಂಡೆ.

ಜೂನ್ ಕಳೆದು ಮಳೆ ಹಿಡಿದ ಮೇಲೆ ಗಿಡದ ಕಳೆ ಇಳಿಯತೊಡಗಿತು. ಮೇಲಕ್ಕೆ ನಿಂತಿದ್ದ ಎಲೆಗಳು ಸುಸ್ತಾದವರ ತೋಳಿನಂತೆ ಹೊರಗೆ ಬಾಗಿದವು. ಬಣ್ಣ ಮಾಸಿತು. ಆಗಸ್ಟಿನಲ್ಲಿ ಕೆಳಗಿನ ಎರಡು ಎಲೆ ಹಳದಿಯಾಗಿ ಬುಡದಲ್ಲಿ ಕಂದಿದವು. ಬಾಯಾರಿದೆ ಎಂದುಕೊಂಡು ಒಂದು ತಂಬಿಗೆಯ ಜಾಗದಲ್ಲಿ ಎರಡು ತಂಬಿಗೆ ಹಾಕಿದೆ. ಇನ್ನಷ್ಟು ಬಾಗಿತು.

ಎದುರು ಮನೆಯ ಆಜಿ ಒಂದು ದಿನ ಏನೋ ಕೊಡಲಿಕ್ಕೆ ಬಂದವರು ನನ್ನ ಕೈಯಲ್ಲಿ ತಂಬಿಗೆ ನೋಡಿ, "ಕೋರಫಡೀಲಾ ಇತಕಂ ಪಾಣೀ ಕಶಾಲಾ?" ಅಂದರು. ಲೋಳೆಸರಕ್ಕೆ ಇಷ್ಟು ನೀರು ಯಾಕೆ ಎಂದು. ನನಗೆ ಮರಾಠಿ ಅರ್ಥವಾಗದೆ ಇರಲಿಲ್ಲ. ಅರ್ಥವಾಗದವನ ಹಾಗೆ ನಕ್ಕು ಸುಮ್ಮನಾದೆ. ಮಗ ತನ್ನ ರೀತಿಯಲ್ಲಿ ಸಮಾಧಾನ ಹೇಳಿದ: "ಬಿಟ್ಟಬಿಡ್ರಿ ಅಪ್ಪಾ, ನರ್ಸರಿಯೊಳಗ ಹೊಸಾದು ತರೋಣು. ಏನ್ ಭಾಳ ರೊಕ್ಕ ಆಗಂಗಿಲ್ಲ." ಅಂದು ನಾನು ಅವನ ಜೊತೆ ಊಟಕ್ಕೆ ಕೂಡಲಿಲ್ಲ.

ರಾತ್ರಿ ಸೊಸೆ ಬಂದು ಮೆಲ್ಲಗೆ ಕೇಳಿದಳು. "ಮಾವಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅತ್ತಿಯವರು ಅದಕ್ಕ ಎಷ್ಟು ದಿನಕ್ಕೊಮ್ಮೆ ನೀರ ಹಾಕ್ತಿದ್ರು?"

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಆ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಅವಳು ಅದಕ್ಕೆ ನೀರು ಹಾಕಿದ್ದನ್ನು ನೋಡಿದ ಒಂದು ನೆನಪೂ ಬರಲಿಲ್ಲ. ನಾನು ನೋಡಲಿಲ್ಲವೋ, ಅವಳು ಹಾಕಲೇ ಇಲ್ಲವೋ?

ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಗೋಕುಲ ರೋಡಿನ ಒಬ್ಬ ಸಣ್ಣ ಉದ್ದಿಮೆದಾರ ನೆನಪಾದ. ತೊಂಬತ್ತರ ದಶಕದ ಮಾತು. "ಸಾಹೇಬ್ರ, ದುಡಿಮೆ ಬಂಡವಾಳ ಸಾಲವಲ್ದು" ಎಂದು ಬಂದ. ಶಿಫಾರಸು ಬರೆದವನು ನಾನೇ, ಲಿಮಿಟ್ಟು ಹೆಚ್ಚಾಯಿತು. ಆರು ತಿಂಗಳಿಗೆ ಮತ್ತೆ ಅದೇ ಮಾತು, ಮತ್ತೆ ಹೆಚ್ಚಿಸಿದೆವು. ಕೊನೆಗೆ ಗೋದಾಮು ತೆರೆಸಿ ನೋಡಿದರೆ ಮಾರಾಟವಾಗದ ಮಾಲು ಮಾಡಿನವರೆಗೂ ಪೇರಿಸಿತ್ತು. ಅವನಿಗೆ ಹಣದ ಕೊರತೆ ಇದ್ದದ್ದು ನಿಜ, ಆದರೆ ಕೊರತೆ ರೋಗವಲ್ಲ, ರೋಗದ ಲಕ್ಷಣ. ನಾವು ಕೊಟ್ಟ ಪ್ರತಿ ರೂಪಾಯಿಯೂ ಅವನನ್ನು ಇನ್ನಷ್ಟು ಮುಳುಗಿಸಿತು. ಎಂ.ಕಾಂ. ಓದುವಾಗ 1975ರ ಟಂಡನ್ ಸಮಿತಿಯ ವರದಿಯನ್ನು ಬಾಯಿಪಾಠ ಮಾಡಿದ್ದೆ. ಕೇಳಿದಷ್ಟು ಕೊಡುವುದಲ್ಲ, ನಿಜವಾದ ಅಗತ್ಯ ಎಷ್ಟೆಂದು ಲೆಕ್ಕ ಹಾಕಿ ಕೊಡಬೇಕು ಎಂಬುದೇ ಅದರ ಸಾರ. ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೆ. ಗೋಕುಲ ರೋಡಿನಲ್ಲಿ ಮರೆತೆ. ಈಗ ಭೋಸರಿಯಲ್ಲೂ ಮರೆತಿದ್ದೇನೆಯೇ?

ಬೆಳಿಗ್ಗೆ ಎದ್ದವನೇ ಗಿಡದ ತಪಾಸಣೆಗೆ ಕೂತೆ. ಧಾರವಾಡದಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದ ಗೆಳೆಯನೊಬ್ಬನಿದ್ದಾನೆ. ಅವನಿಗೆ ಫೋನು ಹಚ್ಚಿದೆ. ಅವನು ಉಪದೇಶ ಮಾಡದೆ ಒಂದೊಂದೇ ಪ್ರಶ್ನೆ ಕೇಳಿದ.

"ಎಲಿ ಒತ್ತಿ ನೋಡು. ತೆಳ್ಳಗಾಗಿ ಸುಕ್ಕುಗಟ್ಟಿ ಒಳಗ ಮಡಚಿದ್ರ ನೀರು ಕಡಿಮಿ. ಮೆತ್ತಗಾಗಿ, ನೀರು ತುಂಬಿದ ಚೀಲದಂಗ ಆಗಿದ್ರ ನೀರು ಹೆಚ್ಚು."

ಒತ್ತಿದೆ. ಕೆಳಗಿನ ಎಲೆಗಳು ಬೆಂದ ಬದನೆಕಾಯಿಯಂತೆ ಬೆರಳಿಗೆ ತಗ್ಗಿದವು.

"ಒಣಾ ಕಡ್ಡಿ ಮಣ್ಣೊಳಗ ಬುಡತನಾ ಚುಚ್ಚಿ ತಗಿ."

ತೆಗೆದೆ. ಮೇಲ್ಮಣ್ಣು ಒಣಗಿ ಕಂಡರೂ ಕಡ್ಡಿ ಬುಡದವರೆಗೂ ಕರಿ ಕೆಸರು ಮೆತ್ತಿಕೊಂಡು ಬಂತು. ಮೂಸಿದೆ. ಮೋರಿಯ ವಾಸನೆ.

"ಬಿಸಿಲು ಎಷ್ಟು ತಾಸು ಬೀಳತೈತಿ?"

ಉತ್ತರದ ಕಿಟಕಿ, ಅದರ ಮೇಲೆ ಮಳೆಗಾಲದ ಮೋಡ. ಎಲೆಗಳು ಅಷ್ಟು ಚಪ್ಪಟೆಯಾಗಿ ಹೊರಚಾಚಲು ಬೆಳಕು ಸಾಲದ್ದೂ ಒಂದು ಕಾರಣವಂತೆ. ಕೊನೆಗೆ ಪಿಂಗಾಣಿ ಕುಂಡದಿಂದ ಒಳಗಿನ ಕುಂಡವನ್ನು ಎತ್ತಿದೆ. ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು.

"ನೀ ಅದಕ್ಕ ನೀರ ಹಾಕಿಲ್ಲಲೇ, ಮುಳುಗಿಸೀದಿ" ಅಂದ ಗೆಳೆಯ. ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಿನ ಸಂದಿನಲ್ಲಿ ಇರುವ ಗಾಳಿಯೇ ಅದರ ಉಸಿರು. ಸಂದೆಲ್ಲ ನೀರು ತುಂಬಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಬೂಷ್ಟು ಹಿಡಿದು ಕೊಳೆ ಮೇಲಕ್ಕೆ ಹಬ್ಬುತ್ತದೆ. ಬೇರೇ ಇಲ್ಲದ ಗಿಡ ನೀರಿನ ನಡುವೆ ನಿಂತರೂ ಹೀರಲಾರದು. ಅದಕ್ಕೇ ಬಾಯಾರಿದಂತೆ ಬಾಗುತ್ತದೆ. ನಮ್ಮಂಥವರು ಅದನ್ನು ನೋಡಿ ಇನ್ನೊಂದು ತಂಬಿಗೆ ಹಾಕುತ್ತೇವೆ.

ಅವನು ಇನ್ನೂ ಒಂದು ವಿಷಯ ಹೇಳಿದ. ಹೆಚ್ಚಿನ ಗಿಡಗಳು ಎಲೆಯ ರಂಧ್ರಗಳನ್ನು ಹಗಲಿನಲ್ಲಿ ತೆರೆಯುತ್ತವೆ, ಆಗ ನೀರು ಆವಿಯಾಗಿ ಹೋಗುತ್ತದೆ. ಲೋಳೆಸರದಂಥವು ರಾತ್ರಿಯ ತಂಪಿನಲ್ಲಿ ತೆರೆದು, ಬೇಕಾದ ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲಿನಲ್ಲಿ ರಂಧ್ರ ಮುಚ್ಚಿಕೊಂಡೇ ಅದನ್ನು ಖರ್ಚು ಮಾಡುತ್ತವೆ. ಅರೇಬಿಯಾದ ಒಣನೆಲದ ಕಡೆಯಿಂದ ಬಂದ ಗಿಡ, ಅದರ ಸಂಸಾರವೇ ಉಳಿತಾಯದ್ದು. ದುರ್ಗದಬೈಲಿನ ಬಾಗಿಲಲ್ಲಿ ತಲೆಕೆಳಗಾಗಿ ತೂಗಿಯೂ ಹಸಿರಾಗಿರುವ ಗುಟ್ಟು ಇದೇ. ಅಂಥದ್ದನ್ನು ನಾನು ಮೂರು ತಿಂಗಳಲ್ಲಿ ಕೆಡಿಸಿದ್ದೆ.

"ನಟ್ಟ ನಡುವಿನ ಸುಳಿ ಗಟ್ಟಿ ಐತೇನು?"

ಗಟ್ಟಿ ಇತ್ತು.

"ಹಂಗಾರ ಉಳೀತೈತಿ. ಕಿತ್ತು ಬೇರು ತೊಳಿ."

ಗುರುವಾರ. ಮಗ ಮನೆಯಲ್ಲಿದ್ದ. ಬಾಲ್ಕನಿಯಲ್ಲಿ ಹಳೆಯ ಪೇಪರು ಹಾಸಿ ಇಬ್ಬರೂ ಕೂತೆವು. ಅವನು ಕುಂಡವನ್ನು ಓರೆ ಹಿಡಿದ, ನಾನು ಗಿಡದ ಬುಡ ಹಿಡಿದು ಎಳೆದೆ. ಎರೆಮಣ್ಣು ಒಂದೇ ಮುದ್ದೆಯಾಗಿ, ಹಂಚಿನ ಮೇಲಿಂದ ಜಾರಿದ ರೊಟ್ಟಿ ಹಿಟ್ಟಿನ ಹಾಗೆ ಹೊರಬಂತು. ಹೊರಸುತ್ತಿನ ಬೇರುಗಳೆಲ್ಲ ಕಪ್ಪು. ಮುಟ್ಟಿದರೆ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಉಳಿಯುತ್ತಿತ್ತು. ಬಕೀಟಿನ ನೀರಿನಲ್ಲಿ ಅದ್ದಿ ಅದ್ದಿ ತೊಳೆದೆ. ಊರಿನಿಂದ 400 ಕಿಲೋಮೀಟರಿಗೂ ಹೆಚ್ಚು ದೂರ ಹೊತ್ತು ತಂದ ಮಣ್ಣು ಕರಿ ನೀರಾಗಿ ಇಳಿಯಿತು. ಮಗ ಏನೂ ಮಾತಾಡಲಿಲ್ಲ.

ತೊಳೆಯುತ್ತ ಹೋದಂತೆ ನಡುವೆ ಮುಷ್ಟಿಯಷ್ಟು ಒಂದು ಗಡ್ಡೆ ಕರಗದೆ ಉಳಿಯಿತು. ಹುಬ್ಬಳ್ಳಿಯಲ್ಲಿ ಕಿತ್ತಾಗ ಬೇರಿಗೆ ಅಂಟಿಕೊಂಡೇ ಬಂದಿದ್ದ ಹಳೆಯ ಮಣ್ಣು ಅದು. ಕಪ್ಪಾಗಿರಲಿಲ್ಲ. ಬಿಡಿಸಿ ನೋಡಿದೆ. ಕೆಂಪು ಇಟ್ಟಂಗಿಯ ಚೂರು, ಗರಸು, ಒಂದೆರಡು ಸುಣ್ಣದ ಗಾರೆಯ ತುಂಡು. ಅದರೊಳಗೆ ಹೊಕ್ಕ ಐದಾರು ಬೇರು ಮಾತ್ರ ತಿಳಿಹಳದಿ ಬಣ್ಣದಲ್ಲಿ ಗಟ್ಟಿಯಾಗಿ ಬದುಕಿದ್ದವು.

ಆಗ ನೆನಪಾಯಿತು. ಎರೆನೆಲದಲ್ಲಿ ಮನೆ ಕಟ್ಟಿದವರಿಗೆ ಗೊತ್ತು, ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ ಗೋಡೆ ಬಿರಿಸುತ್ತದೆ. ಆದ್ದರಿಂದ ಬುನಾದಿಯ ಎರೆ ತೆಗೆಸಿ ಗರಸು ತುಂಬಿಸುತ್ತಾರೆ. ನಾವೂ ತುಂಬಿಸಿದ್ದೆವು. ಉಳಿದ ಗರಸು, ಒಡೆದ ಇಟ್ಟಂಗಿ ಎಲ್ಲಾ ಮೆಟ್ಟಿಲಿನ ಪಕ್ಕ ಗುಡ್ಡೆ ಬಿದ್ದಿತ್ತು. ಅದನ್ನು ಎತ್ತಿ ಹಾಕಿಸು ಎಂದು ನಾನು ಗುತ್ತಿಗೆದಾರನ ಜೊತೆ ಜಗಳವಾಡಿದ್ದೆ. "ಇರ್ಲಿ ಬಿಡ್ರಿ, ನನಗ ಬೇಕು" ಅಂದವಳು ಅವಳು. ಹಿತ್ತಲಿನ ಕರಿ ನೆಲವನ್ನೆಲ್ಲ ಬಿಟ್ಟು ಆ ಗುಡ್ಡೆಯ ಮೇಲೇ ಲೋಳೆಸರದ ಮರಿ ಚುಚ್ಚಿದ್ದಳು. ಅವಳ ಗಿಡ ಎಂದೂ ಎರೆಮಣ್ಣಿನಲ್ಲಿ ಇರಲೇ ಇಲ್ಲ. ನಾನು ಊರಿನ ಮಣ್ಣೆಂದು ಹೊತ್ತು ತಂದದ್ದು ನನ್ನ ನೆನಪಿನ ಮಣ್ಣು. ಅವಳ ಗಿಡದ ಮಣ್ಣು ಯಾವುದೆಂದು ನಾನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಇಟ್ಟಂಗಿಯ ಚೂರನ್ನು ಅಂಗೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತೆನೋ. "ಅಪ್ಪಾ, ಮುಂದ?" ಅಂದ ಮಗ.

ಮುಂದಿನ ಕೆಲಸ ದೊಡ್ಡದಲ್ಲ, ಕಾಯುವುದೇ ದೊಡ್ಡದು. ಕೊಳೆತ ಬೇರುಗಳನ್ನೂ ಮೆತ್ತಗಾದ ಎಲೆಗಳನ್ನೂ ಸ್ವಚ್ಛ ಚಾಕುವಿನಿಂದ, ಕಪ್ಪು ಕಲೆ ಕಾಣದ ತನಕ ಕತ್ತರಿಸಿದೆ. ಗಾಯಕ್ಕೆ ಅರಿಶಿನ ಪುಡಿ ಹಚ್ಚಿದೆ. ಆಮೇಲೆ ಗಿಡವನ್ನು ನೆಡದೆ, ಪೇಪರಿನ ಮೇಲೆ ನೆರಳಿನಲ್ಲಿ ಆರು ದಿನ ಹಾಗೇ ಮಲಗಿಸಿದೆ. ಕತ್ತರಿಸಿದ ಜಾಗ ಒಣಗಿ ಗಟ್ಟಿಯಾಗಬೇಕು, ಹಸಿ ಗಾಯ ಮಣ್ಣಿಗೆ ಹೋದರೆ ಮತ್ತೆ ಕೊಳೆಯುತ್ತದೆ. ಬೇರು ಬಿಚ್ಚಿಕೊಂಡು ಮಲಗಿದ ಗಿಡವನ್ನು ದಿನಾ ನೋಡುವುದು ಆಸ್ಪತ್ರೆಯ ದಿನಗಳನ್ನು ನೆನಪಿಸುತ್ತಿತ್ತು. ಅಲ್ಲಿಯೂ ನಾನು ಗಂಟೆಗೊಮ್ಮೆ "ಏನಾರ ಬೇಕೇನು, ನೀರ ಕೊಡ್ಲೇನು" ಎಂದು ಕೇಳುತ್ತಿದ್ದೆ. "ಸುಮ್ಮ ಕೂಡ್ರಿ" ಅನ್ನುತ್ತಿದ್ದಳು.

ಗರಸಿಗೆ ಮರಾಠಿಯಲ್ಲಿ ಮುರೂಮ. ಸೊಸೆ ಹತ್ತಿರದಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡದಿಂದ ಕೇಳಿ ಒಂದು ಬುಟ್ಟಿ ತಂದಳು. ಕೊಟ್ಟವನು ಇಂಡಿ ತಾಲ್ಲೂಕಿನವನಂತೆ, ಇವಳ ಕನ್ನಡ ಕೇಳಿ ರೊಕ್ಕ ತೆಗೆದುಕೊಳ್ಳಲಿಲ್ಲ. ಎರಡು ಪಾಲು ಮುರೂಮ ಮತ್ತು ದಪ್ಪ ಮರಳು, ಒಂದು ಪಾಲು ಕಳಿತ ಸೆಗಣಿ ಗೊಬ್ಬರ ಬೆರೆಸಿದ ಮಣ್ಣು. ತಳದಲ್ಲಿ ದೊಡ್ಡ ತೂತಿರುವ ಮಣ್ಣಿನ ಕುಂಡ, ಏಕೆಂದರೆ ಅದರ ಗೋಡೆಯೂ ನೀರು ಹೀರಿ ಹೊರಬಿಡುತ್ತದೆ. ಹುಬ್ಬಳ್ಳಿಯ ಇಟ್ಟಂಗಿ ಚೂರುಗಳನ್ನು ತೂತಿನ ಮೇಲೆ ಇಟ್ಟು ಗಿಡ ನೆಟ್ಟೆ. ಬಾಲ್ಕನಿಯಲ್ಲಿ ಬಟ್ಟೆ ಹರವುವ ಹಗ್ಗವನ್ನು ಸೊಸೆ ತಾನೇ ಒಂದು ಮೊಳ ಸರಿಸಿ, ಬೆಳಗಿನ ಬಿಸಿಲು ಬೀಳುವ ಮೂಲೆ ಮಾಡಿಕೊಟ್ಟಳು. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಕೆಂಪಗೆ ಸುಡುತ್ತದೆಂದು ಮೊದಲ ವಾರ ತೆಳು ಪರದೆಯ ಹಿಂದೆ ಇಟ್ಟೆವು.

ಹತ್ತು ದಿನ ಹನಿ ನೀರಿಲ್ಲ. ನನಗೆ ಅದೇ ಕಷ್ಟವಾಯಿತು. ನೀರು ಬಂದ ದಿನ ಕೈ ತಾನಾಗಿ ತಂಬಿಗೆಗೆ ಹೋಗುತ್ತಿತ್ತು. ಸೊಸೆ ನಕ್ಕು, "ಮಾವಾರ, ಕಡ್ಡಿ ಚುಚ್ಚಿ ನೋಡ್ರಿ ಮೊದಲ" ಅನ್ನುತ್ತಿದ್ದಳು. ಅದೇ ನಿಯಮವಾಯಿತು. ಕಡ್ಡಿ ಬುಡದವರೆಗೂ ಒಣಗಿ ಬಂದರೆ ಮಾತ್ರ ನೀರು. ಹಾಕಿದರೆ ತಳದಿಂದ ಹರಿದುಹೋಗುವಷ್ಟು ಹಾಕುವುದು, ಆಮೇಲೆ ಮತ್ತೆ ಒಣಗುವ ತನಕ ಮರೆಯುವುದು. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಆಯಿತು, ಬೇಸಿಗೆಯಲ್ಲಿ ವಾರ ಹತ್ತು ದಿನಕ್ಕೊಮ್ಮೆ.

ಸೆಪ್ಟೆಂಬರ್ ಪೂರ್ತಿ ಏನೂ ಆಗಲಿಲ್ಲ. ಉಳಿದ ಎಲೆಗಳು ಇನ್ನೂ ತೆಳ್ಳಗಾದವು. ತಾನು ಕೂಡಿಟ್ಟದ್ದನ್ನು ತಿಂದುಕೊಂಡು ಹೊಸ ಬೇರು ಬಿಡುತ್ತಿದೆ ಎಂದ ಧಾರವಾಡದ ಗೆಳೆಯ. ದೀಪಾವಳಿಗೆ ಮನೆ ಸಾರಿಸುವಾಗ ಕುಂಡ ಸರಿಸಲು ಹೋದ ಸೊಸೆ "ಮಾವಾರ!" ಎಂದು ಕೂಗಿದಳು. ನಟ್ಟ ನಡುವೆ, ಸುಳಿಯಲ್ಲಿ, ಕಿರುಬೆರಳಿನಷ್ಟು ಹೊಸ ಎಲೆ ನೆಟ್ಟಗೆ ನಿಂತಿತ್ತು. ಸಂಸ್ಕೃತದಲ್ಲಿ ಈ ಗಿಡಕ್ಕೆ ಕುಮಾರಿ ಎಂಬ ಹೆಸರಿದೆ.

ಆ ಮುಂದಿನ ವರ್ಷ ಬುಡದಲ್ಲಿ ಮೂರು ಮರಿ ಎದ್ದವು. ಒಂದನ್ನು ಎದುರು ಮನೆಯ ಆಜಿಗೆ ಕೊಟ್ಟೆ. ಅವರು ಏನು ಹೇಳಿದ್ದರೆಂದು ನನಗೆ ಅಂದೇ ಅರ್ಥವಾಗಿತ್ತು ಎಂದು ನನ್ನ ಹರಕು ಮರಾಠಿಯಲ್ಲಿ ಒಪ್ಪಿಕೊಂಡೆ. ಆಜಿ ಬಾಯಿ ತುಂಬ ನಕ್ಕರು.

ಇನ್ನು ಚೀಲದಲ್ಲಿ ಉಳಿದ ಎರೆಮಣ್ಣು. ಎಸೆಯಲು ಮನಸ್ಸು ಬರಲಿಲ್ಲ. ಸೊಸೆಯೇ ದಾರಿ ತೋರಿಸಿದಳು. ಒಂದು ಒಡೆದ ಬಕೀಟಿಗೆ ಅದನ್ನು ತುಂಬಿ, ಸಂತೆಯಿಂದ ತಂದ ಕೆಸುವಿನ ಗಡ್ಡೆ ಹೂಳಿದಳು. ಕೆಸುವಿಗೆ ಕಾಲು ತೇವವಾಗಿಯೇ ಇರಬೇಕು, ನೀರು ಹಿಡಿದಿಡುವ ಮಣ್ಣೇ ಬೇಕು. ಈಗ ದಿನ ಬಿಟ್ಟು ದಿನ ಹಳೆಯ ನೀರಿನ ತಂಬಿಗೆ ಹಿಡಿದು ನಾನು ಹೋಗುವುದು ಅಲ್ಲಿಗೆ. ಆನೆಕಿವಿಯಂಥ ಎಲೆ ಬಿಡುತ್ತದೆ. ಇಲ್ಲಿನವರು ಅದಕ್ಕೆ ಅಳೂ ಅನ್ನುತ್ತಾರೆ. ಕಡಲೆಹಿಟ್ಟು ಹುಣಸೆಹುಳಿ ಹಚ್ಚಿ, ಸುರುಳಿ ಸುತ್ತಿ, ಬೇಯಿಸಿ ಕರಿದ ಅಳೂವಡಿ ಮಗನಿಗೆ ಪ್ರಾಣ. ಗುರುವಾರಗಳಂದು ಮಾಡುತ್ತಾಳೆ.

ಲೋಳೆಸರದ ಕಡೆ ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತೇನೆ. ಅದು ತಾನೇ ಇರುತ್ತದೆ.